ಬೆಟ್ಟ ಹತ್ತಿದ ಕಾಲು ಕಡಲಿಗೆ ಇಳಿಯುವಾಗ

ಆರೋಗ್ಯ ಪ್ರಶ್ನೋತ್ತರ

ಪ್ರವಾಸದ ಕಾಲ ಶುರುವಾಗಿದೆ. ಮಾಲೇಕಲ್ಲು, ಅರಸೀಕೆರೆ, ಜಾವಗಲ್, ಬೇಲೂರು, ಹಳೇಬೀಡಿನ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಕಡಲಿನ ಪ್ರಶ್ನೆಗಳೇ ಹೆಚ್ಚು. ಕೆಲವರು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟಿದ್ದಾರೆ, ಕೆಲವರು ಮುರುಡೇಶ್ವರಕ್ಕೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಒಣಹವೆಯಲ್ಲಿ ಬೆಳೆದ ಮೈ ನಮ್ಮದು. ಬೆಟ್ಟ ನಮಗೆ ಗೊತ್ತು, ಬಾವಿ ಕೆರೆಗಳ ನೀರೂ ಗೊತ್ತು. ಕಡಲಿನ ನಡೆ ಬೇರೆ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ. ತೆಂಗಿನ ತೋಟ ಇದೆ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಪ್ರತಿ ಆಷಾಢದಲ್ಲಿ ಬರಿಗಾಲಲ್ಲಿ ಮಾಲೇಕಲ್ಲು ಬೆಟ್ಟ ಹತ್ತಿ ವೆಂಕಟರಮಣಸ್ವಾಮಿ ದರ್ಶನ ಮಾಡುತ್ತೇನೆ, ನಡುವೆ ಎಲ್ಲೂ ಕೂರುವುದಿಲ್ಲ. ಈಗ ಮಕ್ಕಳು ಮಲ್ಪೆಯ ದ್ವೀಪಕ್ಕೆ ಕರೆಯುತ್ತಿದ್ದಾರೆ. ಬೆಟ್ಟ ಹತ್ತುವವನಿಗೆ ಮರಳ ಮೇಲೆ ನಡೆಯುವುದೇನು ಕಷ್ಟ ಎಂದು ನಾನು. ಕಾಲಿನ ವಿಚಾರ ಡಾಕ್ಟರನ್ನು ಕೇಳಿ ಎಂದು ಮಗಳು. (ಮಾಲೇಕಲ್ಲು ಹತ್ತಿರದ ಓದುಗರು)

ಉತ್ತರ: ಸಾವಿರಕ್ಕೂ ಹೆಚ್ಚು ಮೆಟ್ಟಿಲನ್ನು ಎದೆ ಹಿಡಿಯದೆ, ಏದುಸಿರು ಬಿಡದೆ ಹತ್ತುತ್ತೀರಿ ಎಂದರೆ ನಿಮ್ಮ ಹೃದಯಕ್ಕೆ ದ್ವೀಪದ ನಡಿಗೆ ಭಾರವಾಗಲಾರದು. ಧಾರಾಳವಾಗಿ ಹೋಗಿಬನ್ನಿ. ಆದರೆ ಮಗಳು ಕೇಳಿದ್ದು ಹೃದಯದ ವಿಚಾರವಲ್ಲ, ಕಾಲಿನದು. ಅವರ ಮಾತಿನಲ್ಲಿ ಹುರುಳಿದೆ.

ಹತ್ತು ವರ್ಷ ದಾಟಿದ ಸಕ್ಕರೆ ಕಾಯಿಲೆಯಲ್ಲಿ ಅನೇಕರಿಗೆ ಪಾದದ ನರಗಳು ಮಂದವಾಗಿರುತ್ತವೆ. ಮುಳ್ಳು ಚುಚ್ಚಿದ್ದು, ಸುಟ್ಟಿದ್ದು ತಿಳಿಯುವುದಿಲ್ಲ. ನಿಧಾನವಾಗಿ ಬರುವ ಬದಲಾವಣೆಯಾದ್ದರಿಂದ ಸ್ಪರ್ಶ ಹೋಗಿದೆ ಎಂಬುದೂ ಗೊತ್ತಾಗುವುದಿಲ್ಲ. ಸೇಂಟ್ ಮೇರೀಸ್ ದ್ವೀಪದ ನೆಲ ಬರೀ ಮರಳಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗುತ್ತಾ ಬಿರುಕುಬಿಟ್ಟು ಕಂಬಕಂಬವಾಗಿ ನಿಂತ ಬಂಡೆಗಳು ಅಲ್ಲಿವೆ. ಹೆಚ್ಚಿನವು ಆರು ಮೂಲೆಯವು, ಅಂಚು ಚೂಪು. ನೀರು ಬಡಿಯುವ ಕಡೆ ಅವುಗಳ ಮೇಲೆ ಸಿಂಪಿ, ಚಿಪ್ಪು ಅಂಟಿಕೊಂಡಿರುತ್ತವೆ. ದಂಡೆಯಲ್ಲೂ ಮುರಿದ ಚಿಪ್ಪುಗಳ ರಾಶಿ. ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾದಿರುತ್ತದೆ. ಸ್ಪರ್ಶವಿಲ್ಲದ ಪಾದ ಅಲ್ಲಿ ಸೀಳಿಯೋ ಬೊಬ್ಬೆ ಬಂದೋ ರಾತ್ರಿ ಕೋಣೆಗೆ ಮರಳಿದ ಮೇಲೆ ಕಾಲುಚೀಲದಲ್ಲಿ ರಕ್ತ ಕಂಡಾಗಲೇ ಗೊತ್ತಾಗುವುದುಂಟು.

ಬೆಟ್ಟದ ಗಾಯಕ್ಕೂ ಕಡಲಿನ ಗಾಯಕ್ಕೂ ಇನ್ನೊಂದು ವ್ಯತ್ಯಾಸವಿದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಜಾತಿಯ ರೋಗಾಣುಗಳಿರುತ್ತವೆ. ಆರೋಗ್ಯವಂತರ ಸಣ್ಣ ಗಾಯದಲ್ಲಿ ಅವು ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದಕ್ಕಿಂತ ಹೆಚ್ಚಾಗಿ ಕುಡಿತದಿಂದಲೋ ಕಾಮಾಲೆಯಿಂದಲೋ ಪಿತ್ತಜನಕಾಂಗ ಕೆಟ್ಟವರಲ್ಲಿ, ಒಂದೇ ದಿನದಲ್ಲಿ ಕಾಲು ಊದಿ, ನೀಲಿ ಬೊಬ್ಬೆ ಎದ್ದು, ಪ್ರಾಣಕ್ಕೇ ಬರಬಹುದು. ಇದು ಅಪರೂಪ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಊರಿಗೆ ಹೋಗಿ ತೋರಿಸಿದರಾಯಿತು ಎಂದು ಎರಡು ದಿನ ತಳ್ಳುವವರೇ ಹೆಚ್ಚು.

ಹೊರಡುವ ಮೊದಲು ನಿಮ್ಮ ಡಾಕ್ಟರಲ್ಲಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ನೈಲಾನ್ ಎಳೆಯಿಂದ ಮುಟ್ಟಿ ನೋಡುವುದು, ಐದು ನಿಮಿಷದ ಕೆಲಸ. ಪಾದದಲ್ಲಿ ಈಗಾಗಲೇ ಹುಣ್ಣು, ಬಿರುಕು ಇದ್ದರೆ ಸಮುದ್ರದ ನೀರಿಗೆ ಇಳಿಯಬೇಡಿ, ದಂಡೆಯಲ್ಲಿ ಕೂತು ನೋಡಿ. ಹವಾಯಿ ಚಪ್ಪಲಿ ಬಂಡೆಯ ಮೇಲೆ ಜಾರುತ್ತದೆ, ನೀರಲ್ಲಿ ಕಳಚಿಹೋಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ಬೆರಳು ಮುಚ್ಚುವ ಚಪ್ಪಲಿ ತೆಗೆದುಕೊಳ್ಳಿ, ನೀರಲ್ಲೂ ಅದನ್ನು ಬಿಚ್ಚಬೇಡಿ. ಸ್ವಾಮಿಯ ಬೆಟ್ಟಕ್ಕೆ ಬರಿಗಾಲಲ್ಲಿ ಹೋಗುವುದು ನಿಮ್ಮ ಹರಕೆ. ಕಡಲಿಗೆ ಅಂಥ ಹರಕೆಯೇನೂ ಇಲ್ಲವಲ್ಲ. ಗಾಯವಾದರೆ ಶುದ್ಧ ನೀರು, ಸೋಪಿನಲ್ಲಿ ಚೆನ್ನಾಗಿ ತೊಳೆದು, ಅಂದೇ ಉಡುಪಿಯಲ್ಲೋ ಮಣಿಪಾಲದಲ್ಲೋ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ವಿಚಾರವನ್ನೂ ಕೇಳಿ.

ಔಷಧಿಯ ಮಾತು. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದನ್ನು ನಿಂತ ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಕೆಡುತ್ತದೆ; ಐಸ್‌ಗೆ ನೇರವಾಗಿ ತಾಗಿಸಿದರೂ ಕೆಡುತ್ತದೆ. ದೋಣಿಗೆ ಕಾಯುತ್ತಾ ಊಟದ ಹೊತ್ತು ಮೀರಿ ಸಕ್ಕರೆ ಇಳಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ವಾಂತಿ ಭೇದಿಯಾಗಿ ಊಟ ಸೇರದಿದ್ದರೆ ಅವನ್ನು ಮುಂದುವರಿಸಬೇಕೇ ಎಂದು ಫೋನ್ ಮಾಡಿಯಾದರೂ ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಕ್ಕಳನ್ನು ಉಡುಪಿ, ಮಲ್ಪೆ, ಮುರುಡೇಶ್ವರಕ್ಕೆ ಕರೆದೊಯ್ಯುತ್ತಿದ್ದೇವೆ. ಹುಡುಗರಲ್ಲಿ ಹಲವರು ತೋಟದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು, ನಮಗೆ ಭಯವಿಲ್ಲ ಮಿಸ್ ಎನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಅಪಾಯವಾದರೆ ಏನು ಮಾಡಬೇಕು? (ಜಾವಗಲ್)

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಮೇಡಂ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮ ಮಕ್ಕಳ ಹಾಗೆ ಬಯಲುಸೀಮೆಯವರು.

ಬಾವಿಯ ನೀರು ನಿಂತ ನೀರು. ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಕಡಲಲ್ಲಿ ದಡಕ್ಕೆ ಬಂದ ಅಲೆಯ ನೀರು ವಾಪಸು ಹೋಗಲು ದಾರಿ ಹುಡುಕುತ್ತದೆ. ಹಾಗೆ ಒಂದೆಡೆ ಸೇರಿ ಒಳಗೆ ಹರಿಯುವ ಪಟ್ಟಿಯೇ ಸೆಳೆತ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಈಜು ಬಾರದ ಮಗು ಅಲೆಗೆ ಹೆದರಿ ಇಳಿಯಲು ಆರಿಸಿಕೊಳ್ಳುವುದು ಅದೇ ಜಾಗವನ್ನು. ಈಜು ಬಲ್ಲ ಹುಡುಗ ಸೆಳೆತಕ್ಕೆ ಸಿಕ್ಕರೆ ನೇರ ದಡದತ್ತ ಈಜಲು ಹೋಗಿ ದಣಿಯುತ್ತಾನೆ. ಸಾವಿಗೆ ಕಾರಣವಾಗುವುದು ಈ ದಣಿವು. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅಂಗಾತ ತೇಲುತ್ತಾ ಕೈ ಎತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದ ಕಡೆ ತಿರುಗಬೇಕು. ಇದನ್ನು ಶಾಲೆಯಲ್ಲೇ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕಲಿಸಿ.

ಒಬ್ಬ ಮುಳುಗಿದಾಗ ರಕ್ಷಿಸಲು ಹೋದ ಇನ್ನೊಬ್ಬ ಮುಳುಗುವುದು ಮತ್ತೆ ಮತ್ತೆ ನಡೆಯುವ ಸಂಗತಿ. ನೀರಿಗೆ ಹಾರಬೇಡಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್, ಸೀರೆ, ಏನು ಸಿಕ್ಕರೂ ಎಸೆಯಿರಿ. ಜೀವರಕ್ಷಕರನ್ನು ಕೂಗಿ. ಅವರಿಲ್ಲದ ಕಡೆ, ಕೆಂಪು ಬಾವುಟ ಇರುವ ಕಡೆ ಮಕ್ಕಳನ್ನು ಮೊಣಕಾಲು ನೀರಿಗೂ ಬಿಡಬೇಡಿ.

ಮೇಲೆ ತಂದ ಮಗು ಉಸಿರಾಡದಿದ್ದರೆ ಏನು ಮಾಡಬಾರದು ಎಂಬುದನ್ನು ಮೊದಲು ಹೇಳುತ್ತೇನೆ. ನಮ್ಮ ಕಡೆ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಹೆಗಲ ಮೇಲೆ ಹಾಕಿಕೊಂಡು ಓಡುವುದು ಇನ್ನೂ ಇದೆ. ಹೊಟ್ಟೆಯ ನೀರು ಕಕ್ಕಿಸಿದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ಮುಳುಗಿದವರಿಗೆ ಬೇಕಾಗಿರುವುದು ಗಾಳಿ. ಒಂದೊಂದು ನಿಮಿಷ ತಡವಾದಷ್ಟೂ ಮೆದುಳು ಸಾಯುತ್ತಾ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಮೇಲೇಳುವಂತೆ ಐದು ಸಲ ಗಾಳಿ ಊದಿ. ಬಾಯಲ್ಲಿ ನೊರೆ ಬರುತ್ತಿದ್ದರೆ ಒರೆಸುತ್ತಾ ಕೂರಬೇಡಿ, ಊದಿ. ಉಸಿರು ಮರಳದಿದ್ದರೆ ಎದೆಯ ನಡುವೆ ಅಂಗೈ ಬುಡವಿಟ್ಟು, 5 ಸೆಂಟಿಮೀಟರ್ ತಗ್ಗುವಷ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರಗೊಂಡು ನಗುತ್ತಾ ಕೂತ ಮಗುವನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಕೆಮ್ಮು, ಏದುಸಿರು ಕೆಲವು ಗಂಟೆಗಳ ನಂತರ ಏರುವುದುಂಟು. ಪ್ರವಾಸಕ್ಕೆ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ, ತರಬೇತಿಯ ಗೊಂಬೆಯ ಮೇಲೆ ಎಲ್ಲ ಶಿಕ್ಷಕರೂ ಒಂದು ಸಲ ಕೈಯಾಡಿಸಿ. ಓದಿದ್ದು ಆ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ, ಕೈ ಕಲಿತಿದ್ದರೆ ಬರುತ್ತದೆ.

ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿ ಇರುವುದಿಲ್ಲ. ಆಗ ಯಾರಾದರೂ ಖಾಸಗಿಯಾಗಿ ಕರೆದೊಯ್ಯುತ್ತೇನೆಂದರೆ ಒಪ್ಪಬೇಡಿ.

ಪ್ರಶ್ನೆ: ಮಗನಿಗೆ 19. ಗೆಳೆಯರೆಲ್ಲ ಕಡಲ ಬಂಡೆಯ ಮೇಲಿನಿಂದ ನೀರಿಗೆ ಹಾರುವ ವಿಡಿಯೊ ಮಾಡುತ್ತಾರಂತೆ. ಅಪಾಯವಲ್ಲವೇ? (ಅರಸೀಕೆರೆ)

ಉತ್ತರ: ಅಪಾಯ, ಅದೂ ಜೀವನಪೂರ್ತಿ ಉಳಿಯುವಂಥದ್ದು. ಇಳಿತದ ಹೊತ್ತಿನಲ್ಲಿ ಬಂಡೆಯ ಬುಡದ ನೀರು ಎದೆಮಟ್ಟಕ್ಕೂ ಇರುವುದಿಲ್ಲ. ಬೆಳಿಗ್ಗೆ ಆಳವಿದ್ದ ಜಾಗ ಮಧ್ಯಾಹ್ನ ಹಾಗಿರುವುದಿಲ್ಲ. ತಲೆ ಮುಂದಾಗಿ ಹಾರಿದವರ ಕತ್ತಿನ ಮೂಳೆ ಮುರಿದರೆ ಬೆನ್ನುಹುರಿ ಜಜ್ಜಿ ಕೈಕಾಲು ಬಿದ್ದುಹೋಗುತ್ತವೆ. ಇಂಥ ಹತ್ತೊಂಬತ್ತರ ಹುಡುಗರನ್ನು ತಾಯಂದಿರು ಹಾಸಿಗೆಯಲ್ಲಿ ತಿರುಗಿಸಿ ಮಲಗಿಸುವುದನ್ನು ನೋಡಿದ್ದೇನೆ. ಹಾಗೆ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ತರಬೇಕು. ಪಾಚಿ ಕಟ್ಟಿದ ಕಪ್ಪು ಬಂಡೆಯ ಮೇಲೆ ಫೋಟೊಗೆ ನಿಲ್ಲುವುದೂ ಬೇಡ. ಸಣ್ಣ ಅಲೆಗಳ ಹಿಂದೆ ಯಾವಾಗ ಬೇಕಾದರೂ ಒಂದು ದೊಡ್ಡದು ಬರಬಹುದು. ಅದಕ್ಕೆ ಬೆನ್ನು ಹಾಕಿ ನಿಂತವರಿಗೆ ಅದು ಕಾಣುವುದಿಲ್ಲ.

ಪ್ರಶ್ನೆ: ನನಗೆ 64. ಬಿ.ಪಿ. ಮಾತ್ರೆ ನುಂಗುತ್ತೇನೆ, ಮಂಡಿನೋವಿದೆ. ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ವಾಂತಿಯಾಗುತ್ತದೆ. ದೋಣಿಯಲ್ಲಿ ಇನ್ನೇನು ಗತಿಯೋ. ಎಳನೀರು ಕುಡಿದುಕೊಂಡಿದ್ದರೆ ಸಾಕೇ? (ಬೇಲೂರು)

ಉತ್ತರ: ಅಮ್ಮ, ಘಾಟಿಯ ವಾಂತಿಗೂ ದೋಣಿಯ ವಾಂತಿಗೂ ಕಾರಣ ಒಂದೇ. ಕಿವಿಯೊಳಗಿನ ಸಮತೋಲನದ ಅಂಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಕೊಟ್ಟಿಗೆಹಾರ ಬರುವ ಮೊದಲೇ ಮುಂದಿನ ಸೀಟಿಗೆ ಬನ್ನಿ, ಮೊಬೈಲ್ ನೋಡಬೇಡಿ, ದೂರದ ರಸ್ತೆ ನೋಡಿ. ದೋಣಿಯಲ್ಲಿ ನಡುಭಾಗದಲ್ಲಿ ಕೂತು ಕಡಲು ಆಕಾಶ ಕೂಡುವ ಗೆರೆ ನೋಡಿ. ಮಲ್ಪೆಯಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್ ಅಷ್ಟೆ. ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ; ಎರಡು ಇಡ್ಲಿ ಸಾಕು. ಹಸಿಶುಂಠಿ ಕೆಲವರಿಗೆ ಒಗ್ಗುತ್ತದೆ. ಪ್ರೊಮೆಥಜೀನ್ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ನುಂಗಬಹುದು, ಆದರೆ ನಿದ್ದೆ ತರಿಸುತ್ತದೆ. ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಕೆಲವು ಸಲ ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಸಣ್ಣದಕ್ಕೆ ದಾಟಬೇಕಾಗುತ್ತದೆ. ಮಂಡಿನೋವಿನವರು ಇಬ್ಬರ ಕೈ ಹಿಡಿದೇ ಇಳಿಯಿರಿ.

ಎಳನೀರು ನಮ್ಮ ಸೀಮೆಯ ಅಮೃತ ನಿಜ. ಆದರೆ ಕರಾವಳಿಯ ತೇವದ ಹವೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತಲೇ ಇರುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಒಂದು ಕುಡಿಯಿರಿ. ಅದರ ಮೇಲೆ ತಲೆಸುತ್ತು, ಸ್ನಾಯುಸೆಳೆತ ಬಂದರೆ ಒಂದು ಲೀಟರ್ ನೀರಿಗೆ ಒಂದು ಓ.ಆರ್.ಎಸ್. ಪೊಟ್ಟಣವೇ ಸರಿ. ನಿಮ್ಮ ಬಿ.ಪಿ. ಮಾತ್ರೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಆಗಿದ್ದು ಮೂತ್ರಪಿಂಡವೂ ದುರ್ಬಲವಾಗಿದ್ದರೆ ಎಳನೀರಿನ ಮೇಲೆ ಎಳನೀರು ಕುಡಿಯುವುದು ಹೃದಯದ ಬಡಿತಕ್ಕೇ ಕುತ್ತು. ಹೊರಡುವ ಮೊದಲು ಒಂದು ರಕ್ತಪರೀಕ್ಷೆ ಆಗಲಿ.

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಮಾಡಲು ಬುಕ್ ಮಾಡಿದ್ದೇನೆ. ಚಿಕ್ಕಂದಿನಲ್ಲಿ ಉಬ್ಬಸವಿತ್ತು, ಈಗ ನೆಗಡಿ. ಅದೇ ರಾತ್ರಿ ಊರಿಗೆ ವಾಪಸು. (ಹಳೇಬೀಡು)

ಉತ್ತರ: ನೇತ್ರಾಣಿ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿದೆ. ಸುತ್ತ ಕಡಿದಾದ ಬಂಡೆ, ದೋಣಿಯಿಂದಲೇ ನೀರಿಗೆ ಇಳಿಯಬೇಕು. ಆಸ್ಪತ್ರೆ ಅಲ್ಲಿಂದ ದೂರ ಎಂಬುದು ತಲೆಯಲ್ಲಿರಲಿ.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ನೆಗಡಿಯಿಂದ ಕಟ್ಟಿದ ಕಿವಿ ಆ ಒತ್ತಡವನ್ನು ಸರಿದೂಗಿಸಲಾರದು, ತಮಟೆ ಹರಿಯಬಹುದು. ನೆಗಡಿ ಪೂರ್ತಿ ವಾಸಿಯಾಗುವವರೆಗೆ ದಿನಾಂಕ ಮುಂದೂಡಿ. ಕಟ್ಟಿದ ಮೂಗಿಗೆ ಹನಿ ಹಾಕಿಕೊಂಡು ಇಳಿಯಬೇಡಿ, ಒಳಗಿರುವಾಗಲೇ ಅದರ ಪ್ರಭಾವ ಮುಗಿದರೆ ಏರುವಾಗ ತೊಂದರೆ. ಉಬ್ಬಸದ ವಿಚಾರ ಇನ್ನೂ ಮುಖ್ಯ. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಹಿಗ್ಗುತ್ತದೆ. ಕಿರಿದಾದ ಶ್ವಾಸನಾಳದ ಹಿಂದೆ ಅದು ಸಿಕ್ಕಿಕೊಂಡರೆ ಶ್ವಾಸಕೋಶ ಒಡೆಯುತ್ತದೆ. ಈಚಿನ ವರ್ಷಗಳಲ್ಲಿ ಓಡಿದಾಗ, ತಣ್ಣನೆ ಗಾಳಿಗೆ ಎದೆ ಸುಂಯ್‌ಗುಟ್ಟಿದ್ದರೆ, ಇನ್‌ಹೇಲರ್ ಬೇಕಾಗಿದ್ದರೆ, ಸ್ಪೈರೊಮೆಟ್ರಿ ಮಾಡಿಸಿ ಶ್ವಾಸಕೋಶ ತಜ್ಞರು ಒಪ್ಪಿದ ಮೇಲೆಯೇ ಹೋಗಿ. ಅರ್ಜಿಯಲ್ಲಿ ಕಾಯಿಲೆಯಿಲ್ಲ ಎಂದು ಗುರುತು ಹಾಕಿ ದಾಟಿಸಿಬಿಡಬೇಡಿ. ಅದನ್ನು ಕೇಳುವುದು ನಿಮ್ಮ ಜೀವಕ್ಕಾಗಿ. ನೀರೊಳಗೆ ಉಸಿರು ಹಿಡಿಯಲೇಬಾರದು.

ರಾತ್ರಿಯೇ ವಾಪಸು ಹೊರಡುವುದೂ ಬೇಡ. ಒಂದು ಮುಳುಗಿನ ನಂತರ ಕನಿಷ್ಠ 12 ಗಂಟೆ, ಹೆಚ್ಚು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎಂದು ಮುಳುಗು ವೈದ್ಯರು ಹೇಳುತ್ತಾರೆ. ರಕ್ತದಲ್ಲಿ ಕರಗಿದ ಸಾರಜನಕ ಒತ್ತಡ ತಗ್ಗಿದಾಗ ಗುಳ್ಳೆಯಾಗುತ್ತದೆ. ಘಾಟಿ ಹತ್ತಿ ನಮ್ಮೂರಿನ ಎತ್ತರಕ್ಕೆ ಬರುವುದೂ ಒತ್ತಡ ತಗ್ಗುವ ಪ್ರಯಾಣವೇ. ಮುರುಡೇಶ್ವರದಲ್ಲಿ ಆ ರಾತ್ರಿ ತಂಗಿ, ಮರುದಿನ ಹೊರಡಿ. ಕೀಲುನೋವು, ಮರಗಟ್ಟುವಿಕೆ, ವಿಪರೀತ ಸುಸ್ತು ಕಂಡರೆ ಮುಳುಗಿದ್ದ ವಿಷಯವನ್ನು ಡಾಕ್ಟರಿಗೆ ಮೊದಲು ಹೇಳಿ.

ಪ್ರಶ್ನೆ: ಜೆಲ್ಲಿ ಮೀನು ತಾಗಿದರೆ ಮರಳು ಉಜ್ಜಬೇಕೇ? (ಬಾಣಾವರ)

ಉತ್ತರ: ಉಜ್ಜಬೇಡಿ, ಸಿಹಿನೀರೂ ಹಾಕಬೇಡಿ. ಎರಡರಿಂದಲೂ ಚರ್ಮಕ್ಕೆ ಅಂಟಿದ ವಿಷದ ಕೋಶಗಳು ಇನ್ನಷ್ಟು ಸಿಡಿಯುತ್ತವೆ. ಕಡಲ ನೀರಿನಿಂದಲೇ ತೊಳೆದು, ಎಳೆಗಳನ್ನು ಎ.ಟಿ.ಎಂ. ಕಾರ್ಡಿನಂಥದರ ಅಂಚಿನಿಂದ ಎತ್ತಿ ತೆಗೆದು, ಆಮೇಲೆ ಕೈ ತಾಳುವಷ್ಟು ಬಿಸಿನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿಯೊಳಗೆ, ಇಪ್ಪತ್ತು ನಿಮಿಷ ಅದ್ದಿಡಿ. ತೊರಕೆ ಮೀನಿನ ಮುಳ್ಳು ಚುಚ್ಚಿದರೂ ಬಿಸಿನೀರೇ ಮೊದಲ ಮದ್ದು, ಆದರೆ ಆ ಗಾಯವನ್ನು ಡಾಕ್ಟರಿಗೆ ತೋರಿಸಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರುತ್ತದೆ. ಮುಖ ಊದಿದರೆ, ಉಸಿರು ಕಟ್ಟಿದರೆ, ಎದೆನೋವು ಬಂದರೆ ಬಿಸಿನೀರಿಗೆ ಕಾಯದೆ 108ಕ್ಕೆ ಕರೆ ಮಾಡಿ.