ಮೋಟಾರು ತಿರುಗುವದೇಕೆ? ಸುಡುವದೇಕೆ?



ಸೊಲ್ಲಾಪುರದ ನೇಕಾರರ ಓಣಿಗಳಲ್ಲಿ ಚಾದರ, ಟಾವೆಲ್ಲು ನೇಯುವ ಪಾವರ್‌ಲೂಮುಗಳ ಸಪ್ಪಳ ನಮಗೆಲ್ಲ ಪರಿಚಿತ. ಅಕ್ಕಲಕೋಟ ತಾಲೂಕಿನ ಹೊಲಗಳಲ್ಲಿ ಬಾವಿಯ ನೀರೆತ್ತುವ ಪಂಪುಗಳೂ ಹಾಗೆಯೇ. ಈ ಎರಡಕ್ಕೂ ಬಲ ಕೊಡುವದು ವಿದ್ಯುತ್ ಮೋಟಾರು. ಮರಾಠಿ ಶಾಲೆಯ ನಿಮ್ಮ ಗೆಳೆಯರು ಇದನ್ನೇ ‘ವಿದ್ಯುತ್ ಚಲಿತ್ರ’ ಎಂದು ಓದುತ್ತಾರೆ. ಹೆಸರು ಯಾವುದೇ ಇರಲಿ, ಅದು ಸುಟ್ಟರೆ ಮಗ್ಗ ನಿಲ್ಲುವದು, ಬೆಳೆ ಒಣಗುವದು. ಆದ್ದರಿಂದ ಅದರ ಕೆಲಸವನ್ನು ನಾವೆಲ್ಲರೂ ಅರಿಯುವದು ಲೇಸು.

ಮೂಲ ತತ್ವ: ತಂತಿಯಲ್ಲಿ ವಿದ್ಯುತ್ ಹರಿದಾಗ ಅದರ ಹತ್ತಿರದ ದಿಕ್ಸೂಚಿಯ ಮುಳ್ಳು ಹೊರಳುವದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡನು. ಮರುವರ್ಷ ಇಂಗ್ಲೆಂಡಿನ ಫ್ಯಾರಡೆ, ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದನು. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದರೆ ಆ ತಂತಿಯ ಮೇಲೆ ಬಲ ಬೀಳುವದು. ಎಲ್ಲ ಮೋಟಾರುಗಳ ತಳಹದಿ ಇದೇ.

ಡಿ.ಸಿ. ಮೋಟಾರು: ಇದರಲ್ಲಿ ಅಯಸ್ಕಾಂತದ ನಡುವೆ ತಂತಿಯ ಸುರುಳಿ ಇರುತ್ತದೆ. ಅರ್ಧ ಸುತ್ತಾದ ಮೇಲೆ ಅದೇ ಬಲ ಸುರುಳಿಯನ್ನು ಹಿಂದಕ್ಕೆ ಎಳೆಯತೊಡಗುವದು. ಹಾಗಾಗದಂತೆ ಕಮ್ಯುಟೇಟರ್ ಎಂಬ ಸೀಳಿದ ಉಂಗುರವು ಪ್ರತಿ ಅರ್ಧ ಸುತ್ತಿಗೆ ಪ್ರವಾಹದ ದಿಕ್ಕನ್ನು ಬದಲಿಸುತ್ತದೆ. ಉಂಗುರಕ್ಕೆ ತಾಗಿದ ಕಾರ್ಬನ್ ಬ್ರಶ್‌ಗಳು ವಿದ್ಯುತ್ತನ್ನು ಒಯ್ಯುತ್ತವೆ. ಬ್ಯಾಟರಿಯ ಆಟಿಕೆಗಳಲ್ಲಿ ಇಂಥದೇ ಮೋಟಾರು ಇರುತ್ತದೆ. ಅಡಿಗೆಮನೆಯ ಮಿಕ್ಸರಿನಲ್ಲಿಯೂ ಬ್ರಶ್ ಉಂಟು. ಆದರೆ ಅದು ಮನೆಯ ಎ.ಸಿ. ವಿದ್ಯುತ್ತಿನಿಂದಲೇ ನಡೆಯುವದು.

ಮೂರು ಫೇಜಿನ ಇಂಡಕ್ಷನ್ ಮೋಟಾರು: ಮಗ್ಗಕ್ಕೂ ದೊಡ್ಡ ಪಂಪಿಗೂ ಹೆಚ್ಚಾಗಿ ಬಳಸುವದು ಇದನ್ನೇ. ಇದರ ರೋಟರಿಗೆ, ಅಂದರೆ ತಿರುಗುವ ಭಾಗಕ್ಕೆ, ಹೊರಗಿನಿಂದ ಒಂದು ತಂತಿಯೂ ಹೋಗುವದಿಲ್ಲ! ಹಾಗಾದರೆ ಅದು ತಿರುಗುವದು ಹೇಗೆ?

ಸಿದ್ಧೇಶ್ವರ ಜಾತ್ರೆಯಲ್ಲಿ ಸುತ್ತುವ ಕುದುರೆಯ ಆಟವನ್ನು ನೆನೆಯಿರಿ. ಮೂವರು ಸುತ್ತಲೂ ನಿಂತು ಒಬ್ಬರ ನಂತರ ಒಬ್ಬರು ನೂಕಿದರೆ ಅದು ನಿಲ್ಲದೇ ಸುತ್ತುವದು. ಹಾಗೆಯೇ ಸ್ಟೇಟರ್ ಎಂಬ ಹೊರಭಾಗದ ಮೂರು ಸುರುಳಿಗಳಲ್ಲಿ ಪ್ರವಾಹವು ಒಂದರ ಹಿಂದೆ ಒಂದು ಏರಿಳಿಯುವದರಿಂದ ಕಾಂತಕ್ಷೇತ್ರವೇ ಸುತ್ತತೊಡಗುವದು. ಈ ಕ್ಷೇತ್ರ ರೋಟರಿನ ಸರಳುಗಳಲ್ಲಿ ವಿದ್ಯುತ್ತನ್ನು ಪ್ರೇರೇಪಿಸಿ ಅದನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಟೆಸ್ಲಾ 1888ರಲ್ಲಿ ಸುತ್ತುವ ಕಾಂತಕ್ಷೇತ್ರದ ಮೋಟಾರಿಗೆ ಪೇಟೆಂಟ್ ಪಡೆದನು.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. 6000ವನ್ನು ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ಕಾಂತಕ್ಷೇತ್ರವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವದೆಂದು ತಿಳಿಯುವದು. 4 ಧ್ರುವವಿದ್ದರೆ 1500. ಆದರೆ ರೋಟರು ಸುಮಾರು 1440 ಸುತ್ತು ಮಾತ್ರ ತಿರುಗುವದು. ಎರಡರ ವೇಗ ಒಂದೇ ಆದರೆ ರೋಟರಿನಲ್ಲಿ ವಿದ್ಯುತ್ತು ಹುಟ್ಟದು, ಬಲವೂ ಬಾರದು.

ಒಂದು ಫೇಜಿನ ಮೋಟಾರು: ಮನೆಯ ಒಂದೇ ಫೇಜಿನಲ್ಲಿ ಕ್ಷೇತ್ರ ಏರಿಳಿಯುವದೇ ಹೊರತು ಸುತ್ತುವದಿಲ್ಲ. ಅದಕ್ಕಾಗಿ ಎರಡನೆಯ ಸುರುಳಿಗೆ ಕಂಡೆನ್ಸರ್ ಜೋಡಿಸಿ ಪ್ರವಾಹದ ವೇಳೆಯನ್ನು ತುಸು ಬದಲಿಸುತ್ತಾರೆ. ಕಂಡೆನ್ಸರ್ ಕೆಟ್ಟ ಫ್ಯಾನು ತಾನಾಗಿ ತಿರುಗದಿರುವದು ಅಥವಾ ಮಂದವಾಗುವದು ಇದರಿಂದಲೇ.

ಸುಡುವದೇಕೆ? ಮೂರರಲ್ಲಿ ಒಂದು ಫೇಜು ಹೋದರೆ ನಿಂತ ಮೋಟಾರು ‘ಗುಂಯ್’ ಎನ್ನುವದು, ಆದರೆ ತಿರುಗದು. ನಡೆಯುತ್ತಿದ್ದ ಮೋಟಾರು ಅದೇ ಭಾರವನ್ನು ಎಳೆಯಲು ಉಳಿದ ತಂತಿಗಳಿಂದ ಹೆಚ್ಚು ಪ್ರವಾಹ ಸೆಳೆಯುವದು. ಸುರುಳಿ ಕಾಯ್ದು ಅದರ ಮೇಲಿನ ಲೇಪ ಕೆಟ್ಟು ವಾಯಿಂಡಿಂಗ್ ಸುಡುವದು. ಪಂಪು ಜಾಮ್ ಆದರೂ ಇದೇ ಗತಿ.

ಪಾಲಕರಲ್ಲಿ ನಮ್ಮ ವಿನಂತಿ: ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಬಲ್ಲವರಿಂದ ಹೊಂದಿಸಿರಿ. ಒಂದು ಫೇಜು ಹೋದಾಗ ಮೋಟಾರು ನಿಲ್ಲಿಸುವ ಉಪಕರಣವನ್ನು ಕೂಡಿಸಿರಿ. ಫ್ಯೂಜಿನಲ್ಲಿ ದಪ್ಪ ತಂತಿ ಹಾಕಬೇಡಿರಿ, ಅರ್ಥಿಂಗ್ ತಪ್ಪಿಸಬೇಡಿರಿ. ಗುಂಯ್‌ಗುಡುವ ಸಪ್ಪಳ ಕೇಳಿದ ಕೂಡಲೇ ಸ್ವಿಚ್ ತೆಗೆಯಿರಿ. ಮಕ್ಕಳು ತಾವೇ ಮುಟ್ಟದೇ ಹಿರಿಯರನ್ನು ಕೂಗಬೇಕು.

ಮನೆಗೆಲಸ: ಹಿರಿಯರೊಡನೆ, ವಿದ್ಯುತ್ತು ಬಂದಾಗಿರುವಾಗ, ಒಂದು ಮೋಟಾರಿನ ಫಲಕವನ್ನು ಓದಿರಿ. ವೋಲ್ಟ್, ಆಂಪಿಯರ್, ಸುತ್ತುಗಳನ್ನು ಬರೆದುಕೊಳ್ಳಿರಿ. ಸುತ್ತು 960 ಇದ್ದರೆ ಅದಕ್ಕೆ ಎಷ್ಟು ಧ್ರುವ?