ಹೆಸರು ರಾಶಿಯ ಹದಿನೈದು ದಿನ: ಸೈಕಲ್ ಬಿಟ್ಟರೆ ದಮ್ಮು ಎಷ್ಟು ಕಡಿಮೆ ಆಗತೈತಿ?

 

ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಎರಡು ನಮೂನಿ ಸೈಕಲ್ ಸವಾರರು ಅದಾರ. ಸಾಲಿಗೆ ಬರಾಕ, ಹೊಲಕ್ಕ ಬುತ್ತಿ ಒಯ್ಯಾಕ ತುಳಿಯುವವರು ಒಂದು ನಮೂನಿ. ಜಾತ್ರೆಯ ರೇಸಿಗೆ ಅಥವಾ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಅಂತ ಬೆಳಿಗ್ಗೆ ಎದ್ದು ತಾಲೀಮು ಮಾಡುವವರು ಇನ್ನೊಂದು ನಮೂನಿ. ಗದಗ, ಬಾಗಲಕೋಟೆ, ವಿಜಯಪುರದ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗ್ ಕಲಿತು ರಾಷ್ಟ್ರಮಟ್ಟಕ್ಕೆ ಹೋದವರು ಬಹಳ ಮಂದಿ. ಅದಕ್ಕೇ ನಮ್ಮಲ್ಲೂ ಆಸೆ.

ಆದರೆ ಶ್ರಾವಣ ಬಂತೆಂದರೆ ಹೆಸರು ರಾಶಿ. ಕಾಯಿ ಒಣಗಿ ಕಪ್ಪಾದ ಮೇಲೆ ಮಳಿ ಹಿಡಿದರೆ ಗಿಡದಾಗೇ ಮೊಳಕೆ ಒಡೀತಾವ. ಹಂಗಾಗಿ ಮನೀ ಮಂದಿ ಎಲ್ಲಾ ಹೊಲಕ್ಕ. ತಾಲೀಮು ಹತ್ತು ಹದಿನೈದು ದಿನ ಬಂದ್. ಹೋದ ವರ್ಷ ನಮ್ಮ ಜೋಡಿ ತುಳಿಯುತ್ತಿದ್ದ ಇಬ್ಬರು ರಾಶಿ ಮುಗಿಸಿ ಬಂದು ಒಂದು ದಿನ ತುಳಿದರು, ಏದುಸಿರು ಬಂತು. “ಮೂರು ತಿಂಗಳು ಮಾಡಿದ್ದೆಲ್ಲ ಹೋತು ಬಿಡಲೇ” ಅಂದು ಸೈಕಲ್ಲು ಗ್ವಾಡಿಗೆ ಆನಿಸಿದವರು ಮತ್ತೆ ತೆಗೆಯಲಿಲ್ಲ. ಅವರು ನನಗಿಂತ ಜೋರು ತುಳಿಯುತ್ತಿದ್ದರು. ಅವರ ಮಾತು ಖರೇನೋ ಸುಳ್ಳೋ ಎಂದು ತಿಳಿಯಲು ವಿಜ್ಞಾನದ ಗುರುಗಳನ್ನೂ ಪಿ.ಟಿ. ಗುರುಗಳನ್ನೂ ಕೇಳಿ, ಓದಿ, ಇದನ್ನು ಬರೆದಿದ್ದೇನೆ.

ಮೊದಲು ದಮ್ಮು ಅಂದರೆ ಏನು? ನಮ್ಮ ಶರೀರವು ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದೋ ಅದೇ ದಮ್ಮಿನ ಅಳತೆ. ಪುಪ್ಪುಸ ಗಾಳಿ ಎಳೆಯುತ್ತದೆ, ರಕ್ತ ಹೊರುತ್ತದೆ, ಹೃದಯ ನೂಕುತ್ತದೆ, ತೊಡೆಯ ಸ್ನಾಯು ಉಪಯೋಗಿಸುತ್ತದೆ. ತಾಲೀಮು ಬಿಟ್ಟಾಗ ಇವೆಲ್ಲ ಒಮ್ಮೆಲೇ ಇಳಿಯುವುದಿಲ್ಲ. ಇದೇ ಮುಖ್ಯ ಸಂಗತಿ.

ಅಮೆರಿಕದ ಎಡ್ವರ್ಡ್ ಕಾಯ್ಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1984ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಚೆನ್ನಾಗಿ ತಾಲೀಮು ಮಾಡಿದ್ದ 7 ಜನ ತಾಲೀಮನ್ನು ಪೂರ್ತಿ ನಿಲ್ಲಿಸಿದರು. 21 ದಿನಕ್ಕೆ ಅವರ ದಮ್ಮು ಶೇ. 7ರಷ್ಟು ಇಳಿಯಿತು. 56 ದಿನಕ್ಕೆ ಶೇ. 16ರಷ್ಟು ಇಳಿದು ಅಲ್ಲೇ ನಿಂತಿತು. 84 ದಿನ ಸುಮ್ಮನೆ ಕುಳಿತ ಮೇಲೂ ಅವರು ಎಂದೂ ತಾಲೀಮು ಮಾಡದವರಿಗಿಂತ ಮುಂದೆಯೇ ಇದ್ದರು. ಸ್ನಾಯುವಿನೊಳಗಿನ ಕೂದಲಿನಂಥ ರಕ್ತನಾಳಗಳು ಕಡಿಮೆಯಾಗಲೇ ಇಲ್ಲ. ಶೇ. 7 ಅಂದರೆ ನೂರು ರೂಪಾಯಿಯಲ್ಲಿ ಏಳು ರೂಪಾಯಿ. ನಮ್ಮ ಗೆಳೆಯರು ನೂರೂ ಹೋತು ಅಂತ ತಿಳಕೊಂಡ್ರು.

ಹಾಗಾದರೆ ಮೊದಲ ದಿನ ಅಷ್ಟು ಏದುಸಿರು ಯಾಕ ಬಂತು? ಇದಕ್ಕೆ ಉತ್ತರ ರಕ್ತದಲ್ಲಿದೆ. ತಾಲೀಮು ಮಾಡುವವರ ರಕ್ತದಲ್ಲಿ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚಾಗಿರುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಅದು ಇಳಿಯತೊಡಗುತ್ತದೆ. ಕಾಯ್ಲ್ ಅವರೇ 1986ರಲ್ಲಿ ತೋರಿಸಿದಂತೆ 2ರಿಂದ 4 ವಾರ ಬಿಟ್ಟವರ ರಕ್ತ ಸುಮಾರು ಶೇ. 9ರಷ್ಟು ಕಡಿಮೆಯಾಗಿತ್ತು. ರಕ್ತ ಕಡಿಮೆಯಾದರೆ ಹೃದಯವು ಒಂದು ಬಡಿತಕ್ಕೆ ನೂಕುವ ರಕ್ತವೂ ಕಡಿಮೆ, ಆಗ ಬಡಿತ ಹೆಚ್ಚಾಗಲೇಬೇಕು. ಬಾವ್ಯಾಗ ನೀರು ಇಳಿದರ ಮೋಟರ್ ಎಷ್ಟು ಛಲೋ ಇದ್ರೂ ಪೈಪಿನಾಗ ಧಾರಿ ಸಣ್ಣಾಗತೈತಿ, ಹಂಗ. ಅವರು ಡೆಕ್ಸ್‌ಟ್ರಾನ್ ಎಂಬ ದ್ರಾವಣವನ್ನು ರಕ್ತಕ್ಕೆ ಸೇರಿಸಿದಾಗ ಒಂದೊಂದು ಬಡಿತದ ರಕ್ತ ಹೆಚ್ಚುಕಡಿಮೆ ಮೊದಲಿನಷ್ಟೇ ಆಯಿತು. ಅಂದರೆ ಮೋಟರ್ ಕೆಟ್ಟಿರಲಿಲ್ಲ. (ಇದನ್ನು ಓದಿ ಯಾರೂ ಸಲಾಯಿನ್ ಹಚ್ಚಿಸಿಕೊಳ್ಳಾಕ ಓಡಬ್ಯಾಡ್ರಿ. ತಾಲೀಮು ಶುರು ಮಾಡಿದರೆ ಈ ನೀರಿನ ಭಾಗ ಕೆಲವು ದಿನಗಳಲ್ಲಿ ತಾನೇ ತುಂಬಿಕೊಳ್ಳುತ್ತದೆ.)

ನಾನೂ ನಾಡಿ ಎಣಿಸಿ ನೋಡಿದೆ. ಊರ ಮುಂದಿನ ಏರು ಹತ್ತಿ ನಿಂತ ಕೂಡಲೇ 15 ಸೆಕೆಂಡಿಗೆ ರಾಶಿಗೆ ಮುಂಚೆ 36, ರಾಶಿ ಮುಗಿದ ಮರುದಿನ 40, ಮುಂದೆ ಎಂಟು ದಿನ ತುಳಿದ ಮೇಲೆ 37. ಒಬ್ಬನ ಲೆಕ್ಕ, ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಪುಸ್ತಕದ ಮಾತಿಗೆ ವಿರುದ್ಧವೂ ಇಲ್ಲ.

ಸ್ನಾಯುವಿನ ಕಥೆ ಬೇರೆ. ಆಮ್ಲಜನಕ ಬಳಸಲು ಸಹಾಯ ಮಾಡುವ ಕಿಣ್ವಗಳು ವಾರ ವಾರಕ್ಕೂ ಇಳಿಯುತ್ತವೆ. ಅವು ಮೇಲೇರಲು ರಕ್ತಕ್ಕಿಂತ ಹೆಚ್ಚು ದಿನ ಬೇಕು. ಆದ್ದರಿಂದ ಬಿಡುವು ಹತ್ತು ದಿನದ್ದಾದರೆ ಹೆದರಿಕೆ ಬೇಡ, ಎರಡು ತಿಂಗಳದ್ದಾದರೆ ಲೆಕ್ಕ ಬೇರೆ.

ಇನ್ನೊಂದು ಮಾತು. ಹೊಲದ ದುಡಿಮೆ ಅಂದರೆ ಮಲಗಿದಂತೆ ಅಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್ ಊರಲ್ಲಿ 20 ವಯಸ್ಸಿನ 5 ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದಮ್ಮು ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. 30 ವರ್ಷದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದರೆ, ವಯಸ್ಸಾದದ್ದರಿಂದ ಆದ ಇಳಿತಕ್ಕಿಂತ ಆ ಮೂರು ವಾರದ ಇಳಿತವೇ ದೊಡ್ಡದಿತ್ತು! ನಾವು ಬಾಗಿ ಕಾಯಿ ಬಿಡಿಸ್ತೀವಿ, ಗಂಟು ಹೊರ್ತೀವಿ, ದಿನಾ ಹೊಲಕ್ಕ ನಡೀತೀವಿ. ಪೆಡಲ್ ತುಳಿದಷ್ಟು ಲಾಭ ಇಲ್ಲ, ಆದರೆ ಹಾಸಿಗೆ ಹಿಡಿದಷ್ಟು ನಷ್ಟವೂ ಇಲ್ಲ. ಜ್ವರ ಬಂದು ಮಲಗಿದವರು ಮಾತ್ರ ಪೂರ್ತಿ ಗುಣವಾಗುವವರೆಗೆ ಸೈಕಲ್ ಮುಟ್ಟಬಾರದು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ದೊಡ್ಡ ದೊಡ್ಡ ಸವಾರರಿಗೂ ಇದೇ ಗತಿ. ಇಟಲಿ, ಸ್ಪೇನ್ ದೇಶಗಳ ಸವಾರರು ಮನೆಯೊಳಗೆ ಸೈಕಲ್ಲನ್ನು ಸ್ಟ್ಯಾಂಡಿಗೆ ಕಟ್ಟಿ ತುಳಿದರು. ಆ ವರ್ಷ ಟೂರ್ ಡಿ ಫ್ರಾನ್ಸ್ ಆಗಸ್ಟ್ 29ಕ್ಕೆ ಶುರುವಾಯಿತು.

ರಾಶಿಯ ಕಾಲಕ್ಕೆ ನಾವೇನು ಮಾಡಬಹುದು? ಹಿಕ್ಸನ್ ಎಂಬ ಸಂಶೋಧಕರು 1980ರ ನಂತರದ ವರ್ಷಗಳಲ್ಲಿ ಇದನ್ನೇ ನೋಡಿದರು. ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷದಂತೆ 10 ವಾರ ಜೋರು ತಾಲೀಮು ಮಾಡಿದವರು, ಮುಂದೆ ವಾರಕ್ಕೆ ಬರೀ 2 ದಿನ ಮಾಡಿದರೂ 15 ವಾರ ದಮ್ಮು ಉಳಿಯಿತು. ದಿನ ಕಡಿಮೆ ಮಾಡದೆ 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಉಳಿಯಿತು. ಆದರೆ ಜೋರು ಕಡಿಮೆ ಮಾಡಿದಾಗ ಉಳಿಯಲಿಲ್ಲ. ನಮ್ಮ ಮಂದಿ ಇದಕ್ಕೆ ಉಲ್ಟಾ ಮಾಡ್ತಾರ: ಪುರುಸೊತ್ತು ಇಲ್ಲದಾಗ ಬುತ್ತಿ ಒಯ್ಯುವ ಮೆಲ್ಲನೆಯ ತುಳಿತವನ್ನೇ ತಾಲೀಮು ಅನ್ನತಾರ.

ಅದಕ್ಕೇ ನನ್ನ ವಿಚಾರ ಹೀಗೈತಿ. ರಾಶಿಯ ವಾರದಲ್ಲಿ ಎರಡು ದಿನ ಇಪ್ಪತ್ತೇ ನಿಮಿಷ ತುಳಿಯಿರಿ, ಆದರೆ ದಮ್ಮು ಹತ್ತುವಂತೆ. ಗಜೇಂದ್ರಗಡದವರಿಗೆ ಗುಡ್ಡದ ಏರು ಇದೆ. ನರಗುಂದದ ಎರಿ ಹೊಲದ ಸಪಾಟು ರಸ್ತೆಯವರಿಗೆ ಎದುರುಗಾಳಿಯೇ ಗುಡ್ಡ. ಕತ್ತಲಾದ ಮೇಲೆ ಮಾತ್ರ ಬೇಡ. ಡಾಂಬರ್ ರಸ್ತೆ ಮೇಲೆ ರಾಶಿ ಹಾಕಿರುತ್ತಾರೆ, ಕಾಳಿನ ಮೇಲೆ ಗಾಲಿ ಜಾರಿದರೆ ಮೊಣಕಾಲು ಹೋದಂತೆಯೇ. ರಾಶಿ ಮುಗಿದ ಮೇಲೆ ಮೊದಲ ಮೂರು ನಾಲ್ಕು ದಿನ ಯಾರ ಜೋಡಿಯೂ ಪೈಪೋಟಿ ಹಚ್ಚಬೇಡಿ.

ಗುರುಗಳಲ್ಲಿ ಒಂದು ವಿನಂತಿ. ರಾಶಿ ಮುಗಿದ ಮೊದಲ ದಿನವೇ ಟೈಮ್ ಹಚ್ಚಿ ಯಾರನ್ನೂ ತಂಡದಿಂದ ತೆಗೆಯಬಾರದು, ಹತ್ತು ದಿನ ಬಿಟ್ಟು ನೋಡಬೇಕು. ಹುಡುಗಿಯರಿಗೆ ಇನ್ನೂ ಒಂದು ವಾರ ಹೆಚ್ಚು ಕೊಡಬೇಕು, ಯಾಕಂದರೆ ಹೊಲದ ರಾಶಿ ಮುಗಿದರೂ ಕಾಳು ಹಸನು ಮಾಡುವುದು ಅವರ ಪಾಲಿಗೇ ಬರುತ್ತದೆ.

ನಾಡಿ ಎಣಿಸುವುದನ್ನು ಕಲಿಯಬೇಕೆನ್ನುವವರು ಸೋಮವಾರ ಆಟದ ಪಿರಿಯಡ್ಡಿನಲ್ಲಿ ಬೇವಿನ ಗಿಡದ ಕೆಳಗೆ ಬರ್ರಿ. ಹೋದ ವರ್ಷ ಬಿಟ್ಟ ಇಬ್ಬರೂ ಬರಬೇಕು. ಗಡಿಯಾರ ನಾನು ತರತೀನಿ.