ಎರಡು ನಿರೋಧಕಗಳ ಸಂಧಿಯಲ್ಲಿ ವಿದ್ಯುತ್ತು

ವಿದ್ಯುತ್ತನ್ನು ಹರಿಯಗೊಡದ ವಸ್ತುಗಳೆರಡನ್ನು ಜೋಡಿಸಿದರೆ ವಿದ್ಯುತ್ತು ಹರಿಯುವದೇ? ಇಲ್ಲವೆಂದೇ ನಮ್ಮ ಹಳೆಯ ವಿದ್ಯಾರ್ಥಿನಿಯರು ಉತ್ತರ ಕೊಡುವರು. ಪಿಂಗಾಣಿಯ ಮೇಲೆ ಪಿಂಗಾಣಿಯನ್ನಿಟ್ಟರೆ ತಂತಿಯಾಗದಷ್ಟೆ. ಆದರೆ 2004ರಲ್ಲಿ ಓಟೊಮೊ, ಹ್ವಾಂಗ್ ಎಂಬ ವಿಜ್ಞಾನಿಗಳು ಸ್ಟ್ರಾನ್ಷಿಯಂ ಟೈಟನೇಟಿನ ಹರಳಿನ ಮೇಲೆ ಲ್ಯಾಂಥನಂ ಅಲ್ಯುಮಿನೇಟಿನ ತೆಳುಪೊರೆಯನ್ನು ಬೆಳೆಯಿಸಲು, ಅವೆರಡರ ಸಂಧಿಯಲ್ಲಿ ಎಲೆಕ್ಟ್ರಾನುಗಳು ಸರಾಗವಾಗಿ ಸಂಚರಿಸುವದು ಕಂಡುಬಂತು.

2006ರಲ್ಲಿ ಇನ್ನೊಂದು ಸೋಜಿಗವು ತಿಳಿಯಿತು. ಪೊರೆಯು ಹರಳಿನ ಮೂರು ಘಟಕಗಳಷ್ಟಿರುವ ತನಕ ಪ್ರವಾಹವಿಲ್ಲ. ನಾಲ್ಕನೆಯದು ಸೇರಿದೊಡನೆ ಉಂಟು. ನಾಲ್ಕೂ ಕೂಡಿ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಎರಡು ಪಾಲಿನಷ್ಟೂ ದಪ್ಪವಿಲ್ಲ! ಪೊರೆಯ ಪದರುಗಳಲ್ಲಿ ಒಂದು ಧನ, ಮುಂದಿನದು ಋಣ. ಪದರು ಹೆಚ್ಚಿದಂತೆ ಒತ್ತಡವೇರಿ, ಕಡೆಗೆ ಎಲೆಕ್ಟ್ರಾನುಗಳು ಸಂಧಿಗೆ ಇಳಿಯುವವೆಂದು ಕೆಲವರ ಮತ. ಆಮ್ಲಜನಕದ ಪರಮಾಣುಗಳು ತಪ್ಪಿಹೋದ ಎಡೆಗಳಿಂದ ಅವು ಬರುವವೆಂದು ಬೇರೆಯವರು. ನಾಲ್ಕರ ಮಿತಿಗೆ ಮೊದಲನೆಯದೇ ಚೆನ್ನಾಗಿ ಒಪ್ಪುವದೆಂದು ನಮಗೆ ತೋರುತ್ತದೆ. ಆದರೂ ವಾದವು ತೀರಿಲ್ಲ.

ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತದಂತಿರುವದು. ಅದಕ್ಕೆ ಕಾರಣವಾದ ಗುಣಕ್ಕೆ ಸ್ಪಿನ್ ಎಂದು ಹೆಸರು. ಸಂಧಿಯ ವಿದ್ಯುತ್ಕ್ಷೇತ್ರವು ಓಡುವ ಎಲೆಕ್ಟ್ರಾನಿಗೆ ಕಾಂತಕ್ಷೇತ್ರವಾಗಿ ತೋರಿ, ಸ್ಪಿನ್ನನ್ನು ಓಟದ ದಿಕ್ಕಿಗೆ ಕಟ್ಟಿಹಾಕುವದು. ಈ ಕಟ್ಟನ್ನು ಹೊರಗಿನ ವೋಲ್ಟೇಜಿನಿಂದಲೇ ಬಿಗಿಯಲೂ ಸಡಿಲಿಸಲೂ ಬಹುದೆಂದು 2010ರಲ್ಲಿ ಜಿನೀವದ ಸಂಶೋಧಕರು ತೋರಿಸಿದರು. ಅಯಸ್ಕಾಂತದ ಸಹಾಯವಿಲ್ಲದೆ ಸ್ಪಿನ್ನನ್ನು ಆಳುವ ಉಪಕರಣಗಳ ಆಸೆ ಇದರಿಂದ ಬಲಿತಿದೆ.